ಟೇಬಲ್ ಮಾಡಿಸಿದ ಅತ್ತೆ

ನಮ್ಮ ಅತ್ತೆಗೆ ಒಂದು ಚಟವಿದೆ. ಮನೆಯವರು ಅದನ್ನು ಹೊರಗೆ ಹೇಳಿಕೊಳ್ಳುವುದಿಲ್ಲ. ಇಸ್ಪೀಟಲ್ಲ, ಲಾಟರಿಯಲ್ಲ, ಪಕ್ಕದ ಎಡಿಸನ್ ಊರಿನ ಸೀರೆ ಅಂಗಡಿಗಳೂ ಅಲ್ಲ. ತಿಂಗಳಿಗೊಮ್ಮೆ ಸ್ಕೂಲ್ ಬೋರ್ಡ್ ಮೀಟಿಂಗಿಗೆ ಹೋಗದಿದ್ದರೆ ಅವರಿಗೆ ಮೈಗೆ ಹುಷಾರಿರುವುದಿಲ್ಲ!

ನ್ಯೂಜೆರ್ಸಿಯಲ್ಲಿ ಊರಿನ ಸ್ಕೂಲುಗಳನ್ನು ನಡೆಸುವುದು ಆ ಊರಿನವರೇ ಆರಿಸಿದ ಒಂದು ಬೋರ್ಡು. ಅದರ ಮೀಟಿಂಗಿನಲ್ಲಿ ಊರಿನ ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತನಾಡಬಹುದು. ಮೆಟುಚೆನ್ ಆಚೆಗಿನ ನಮ್ಮ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅತ್ತೆಯ ಗುರುತು ಹತ್ತಲು ಯಾರಿಗೂ ಆ ಮೂರು ನಿಮಿಷವೂ ಬೇಕಾಗದು.

ಇವರು ನನ್ನ ಅಪ್ಪನ ಅಕ್ಕ. ಮೂವತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದವರು, ಬಾಸ್ಕಿಂಗ್ ರಿಡ್ಜ್‌ನ ಒಂದು ಕಂಪನಿಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಮಕ್ಕಳಿಲ್ಲ. ಮೀಟಿಂಗಿನಲ್ಲಿ ಪಕ್ಕದ ಕುರ್ಚಿಯ ಹೊಸ ತಾಯಂದಿರು ಕೇಳುತ್ತಾರೆ: "ನಿಮ್ಮ ಮಗು ಯಾವ ಗ್ರೇಡು?" ಅತ್ತೆಯ ಉತ್ತರ: "ಕಿಂಡರ್‌ಗಾರ್ಟನ್ನಿನಿಂದ ಹನ್ನೆರಡರವರೆಗೆ." ಕೇಳಿದವರು, ಪಾಪ, ಎಷ್ಟು ಬಾಣಂತನವಾಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ.

ಊರಿನಲ್ಲಿ ಎರಡು ಪಕ್ಷ. ಒಂದಕ್ಕೆ, ಜಾಣ ಮಕ್ಕಳಿಗೆ ಬೇರೆ ಗಣಿತದ ಕ್ಲಾಸಿರುವುದು ಅನ್ಯಾಯ. ಇನ್ನೊಂದಕ್ಕೆ, ಲೈಬ್ರರಿಯ ಅರ್ಧ ಪುಸ್ತಕಗಳೇ ಅನಾಚಾರ. ಅತ್ತೆ ಯಾವ ಪಕ್ಷ? ಇಬ್ಬರಿಗೂ ಇವತ್ತಿನವರೆಗೆ ತಿಳಿದಿಲ್ಲ. ಪುಸ್ತಕ ಒಂದನ್ನೂ ತೆಗೆಯಬಾರದು ಎಂದು ಅತ್ತೆ ಹೇಳಿದಾಗ ಮೊದಲನೆಯವರು ಚಪ್ಪಾಳೆ ತಟ್ಟುತ್ತಾರೆ. ಹದಿನಾರರ ಮಗ್ಗಿ ಬಾರದ ಮಗುವನ್ನು ಐದನೇ ಗ್ರೇಡಿಗೆ ಬಿಡಬಾರದು ಎಂದಾಗ ಆ ಚಪ್ಪಾಳೆ ಅರ್ಧಕ್ಕೇ ನಿಂತು ಎದುರಿನವರದು ಶುರುವಾಗುತ್ತದೆ. ಚುನಾವಣೆಗೆ ಮುಂಚೆ ಎರಡೂ ಕಡೆಯವರು ಮನೆಗೆ ಬರುತ್ತಾರೆ. ಎರಡೂ ಕಡೆಯವರಿಗೂ ಚಕ್ಕುಲಿ, ಕಾಫಿ, ಬುದ್ಧಿವಾದ ಸಿಗುತ್ತವೆ. ವೋಟು ಯಾರಿಗೆ ಎಂಬುದು ನನಗೂ ಗೊತ್ತಿಲ್ಲ.

ಒಮ್ಮೆ ಟೈ ಕಟ್ಟಿದ ಮಹಾಶಯರೊಬ್ಬರು ಒಂದು ಕಾದಂಬರಿಯ ಒಂದು ಪುಟವನ್ನು ನಡುಗುವ ದನಿಯಲ್ಲಿ ಓದಿ, ಇದು ಮಕ್ಕಳ ಕೈಗೆ ಸಿಗಬೇಕೇ ಎಂದು ಗುಡುಗಿದರು. ಅತ್ತೆ ತಮ್ಮ ಸರದಿ ಬಂದಾಗ ಬೋರ್ಡಿನ ಕಡೆ ನೋಡಲೇ ಇಲ್ಲ. ಅವರ ಕಡೆ ತಿರುಗಿದರು.

"ಪೂರ್ತಿ ಓದಿದ್ದೀರಾ?"

"ಆ ಒಂದು ಪುಟವೇ ಸಾಕಾಯಿತು, ಮೇಡಂ."

"ನಾನು ಓದಿದ್ದೀನಿ. ನೀವೂ ಓದಿಕೊಂಡು ಬನ್ನಿ. ಮುಂದಿನ ತಿಂಗಳು ಪ್ರಶ್ನೆ ಕೇಳ್ತೀನಿ."

ಹೋಂವರ್ಕ್ ಮಾಡದ ಹುಡುಗನ ಹಾಗೆ ಅವರು ಕೂತುಬಿಟ್ಟರು. ನಂಬಿದರೆ ನಂಬಿ, ಮುಂದಿನ ತಿಂಗಳು ನಿಜಕ್ಕೂ ಓದಿಕೊಂಡು ಬಂದರು! ವಿರೋಧವೇನೋ ಹಾಗೇ ಇತ್ತು. ಆದರೆ ಮೀಟಿಂಗು ಮುಗಿದ ಮೇಲೆ ಅತ್ತೆಯನ್ನು ಹುಡುಕಿಕೊಂಡು ಬಂದು, ಆಚೀಚೆ ನೋಡಿ, ಆ ಲೇಖಕಿಯದು ಬೇರೆ ಪುಸ್ತಕ ಇದೆಯೇ ಎಂದು ಮೆಲ್ಲಗೆ ಕೇಳಿದರು.

ಇದಕ್ಕೆಲ್ಲ ನಾನೇ ಸಾಕ್ಷಿ. ಕತ್ತಲಾದರೆ ಅತ್ತೆ ಡ್ರೈವ್ ಮಾಡುವುದಿಲ್ಲವಾದ್ದರಿಂದ ಕಾರು ನನ್ನದು. ಹಿಂದಿನ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕೂರುತ್ತೇನೆ. ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ನಮಸ್ಕಾರವನ್ನೂ ಟೈಪ್ ಮಾಡುವವಳು ನಾನು.

ಹೋದ ಮಾರ್ಚಿನಲ್ಲಿ ಬೋರ್ಡು ಖರ್ಚು ಕಡಿಮೆ ಮಾಡಲು ಹೊರಟಿತು. ಇಂಗ್ಲಿಷ್ ಬಾರದೆ ಬರುವ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರ್ ಹುದ್ದೆಗೇ ಕತ್ತರಿ ಬೀಳುವುದರಲ್ಲಿತ್ತು. ಅತ್ತೆ ಸ್ಟೇಷನ್ನಿನಲ್ಲಿ ನಿಂತು, ನ್ಯೂಯಾರ್ಕ್ ರೈಲಿಗೆ ಓಡುವವರನ್ನು ಅಡ್ಡಗಟ್ಟಿ ಸಹಿ ಹಾಕಿಸಿಕೊಂಡರು. ಬೋರ್ಡಿನ ಸದಸ್ಯೆಯೊಬ್ಬರನ್ನು ಒಪ್ಪಿಸಿ, ಹುದ್ದೆ ಉಳಿಸಬೇಕೆಂಬ ಠರಾವನ್ನೂ ತರಿಸಿದರು. ಮೀಟಿಂಗಿನ ದಿನ ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಗುಡುಗಿದರು: "ದಯವಿಟ್ಟು ಇದನ್ನು ಟೇಬಲ್ ಮಾಡಿ! ಇವತ್ತೇ ಟೇಬಲ್ ಮಾಡಿ! ಬೇರೆ ಎಲ್ಲದಕ್ಕಿಂತ ಮೊದಲು ಟೇಬಲ್ ಮಾಡಿ!"

ಠರಾವು ಬೇಡವಾಗಿದ್ದ ಅಧ್ಯಕ್ಷರ ಮುಖ ಅರಳಿತು. "ಬೆಂಬಲಿಸುವವರೇ ಕೇಳುತ್ತಿದ್ದಾರಲ್ಲ!" ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಅರ್ಧ ನಿಮಿಷದಲ್ಲಿ ಟೇಬಲ್ ಆಯಿತು.

ಕಾರಿನಲ್ಲಿ ಅತ್ತೆಗೆ ಸಂಭ್ರಮವೋ ಸಂಭ್ರಮ. "ನೋಡಿದ್ಯೇನೇ? ಬಾಯಿ ಬಿಟ್ಟು ಕೇಳಿದ್ರೆ ಹೇಗೆ ಮಾಡ್ತಾರೆ!"

ಎರಡು ಸಿಗ್ನಲ್ ದಾಟಿದೆವು. ಮೂರನೆಯದು ಕೆಂಪಾಯಿತು.

"ಅತ್ತೆ, ಇಲ್ಲಿ ಟೇಬಲ್ ಮಾಡೋದು ಅಂದ್ರೆ ಮುಂದಕ್ಕೆ ಹಾಕೋದು."

"ಮುಂದಕ್ಕೆ ಅಂದ್ರೆ ಎಲ್ಲರ ಮುಂದೆ ತರೋದು ತಾನೆ?"

"ಅಲ್ಲ ಅತ್ತೆ, ಪಕ್ಕಕ್ಕಿಡೋದು. ಇನ್ನು ಮುಂದಿನ ತಿಂಗಳೇ. ಅವತ್ತೂ ಪಾಸಾಗದಿದ್ರೆ ಟೀಚರ್ ಹೋದ ಹಾಗೇ."

ವಿಧಾನಸೌಧದಲ್ಲಿ ಬಿಲ್ಲು ಟೇಬಲ್ ಆಯಿತೆಂದರೆ ಮಂಡನೆಯಾಯಿತು, ಇನ್ನು ಚರ್ಚೆ ಎಂದರ್ಥ. ಅಮೆರಿಕದಲ್ಲಿ ಅದೇ ಮಾತಿಗೆ ಪೂರಾ ಉಲ್ಟಾ ಅರ್ಥ. ಅತ್ತೆ ಎಂದೋ ಇಲ್ಲಿನ ಸಿಟಿಜನ್ ಆಗಿದ್ದರು. ಅವರ ಇಂಗ್ಲಿಷು ಇನ್ನೂ ಆಗಿರಲಿಲ್ಲ!

ಮನೆ ಬಂತು. ಅತ್ತೆ ಇಳಿಯುವಾಗ ಹೇಳಿದರು: "ಇಂಗ್ಲಿಷ್ ಟೀಚರ್ ಉಳಿಸೋಕೆ ಹೋಗಿ ಇಂಗ್ಲಿಷಲ್ಲೇ ಮುಗ್ಗರಿಸಿದ್ನಲ್ಲೇ. ಇನ್ನು ಆ ಮೈಕ್ ಮುಟ್ಟಲ್ಲ."

ಮುಂದಿನ ತಿಂಗಳು ಬಲವಂತ ಮಾಡಿ ಕರೆದುಕೊಂಡು ಹೋದೆ. ಮಾತನಾಡುವವರ ಪಟ್ಟಿಯಲ್ಲಿ ಅತ್ತೆ ಹೆಸರು ಬರೆಸಲಿಲ್ಲ. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು. ಆ ಠರಾವು ಬಂದಾಗ ಒಂದು ಹೆಸರು ಕರೆದರು. ನನ್ನ ಹೆಸರು. ಅತ್ತೆ ಬೆಚ್ಚಿಬಿದ್ದು ನನ್ನನ್ನು ನೋಡಿದರು.

ಮೈಕಿನ ಮುಂದೆ ಹೋಗಿ ನಿಂತೆ. ಬರೆದುಕೊಂಡಿದ್ದನ್ನು ಓದಿದೆ. "ನಾನು ಎಂಟು ವರ್ಷದವಳಾಗಿ ಈ ಊರಿಗೆ ಬಂದೆ. ಕ್ಲಾಸಿನಲ್ಲಿ ಐದು ತಿಂಗಳು ಒಂದು ಮಾತೂ ಆಡಲಿಲ್ಲ. ನನಗೆ ಬುದ್ಧಿ ಕಡಿಮೆ ಎಂದು ಸ್ಕೂಲು ಒಂದು ಗ್ರೇಡು ಕೆಳಗೆ ಹಾಕುವುದರಲ್ಲಿತ್ತು. ಆಗ ನನ್ನ ಅತ್ತೆ ಮೊದಲ ಸಲ ಈ ಕೋಣೆಗೆ ಬಂದು, ಅವಳಿಗೆ ಬುದ್ಧಿ ಇದೆ, ಇಂಗ್ಲಿಷ್ ಇಲ್ಲ ಅಷ್ಟೆ ಎಂದರು. ಕಲಿಸಲು ಒಬ್ಬ ಟೀಚರ್ ಇದ್ದರು. ಇವತ್ತು ನೀವು ತೆಗೆಯಲು ಹೊರಟಿರುವುದು ಆ ಹುದ್ದೆಯನ್ನು."

ಒಂದೂವರೆ ನಿಮಿಷವೂ ಆಗಲಿಲ್ಲ. ಪರವಾಗಿ ಐದು, ವಿರುದ್ಧ ನಾಲ್ಕು. ಹುದ್ದೆ ಉಳಿಯಿತು.

ಕಾರು ಹತ್ತಿ ಅತ್ತೆ ಬೆಲ್ಟ್ ಹಾಕಿಕೊಂಡರು.

"ಆ ವರ್ಷ ನೀವೆಲ್ಲ ನಮ್ಮನೇಲೇ ಇದ್ರಿ. ನೀನು ಮನೇಲೂ ಮಾತಾಡ್ತಿರ್ಲಿಲ್ಲ. ಬಿಕೋ ಅಂತಿತ್ತು ಮನೆ. ನಿನ್ನ ಪಾಲಿನ ಮಾತೂ ನಾನೇ ಆಡೋಕೆ ಶುರು ಮಾಡಿದೆ ಕಣೇ," ಎಂದರು. "ಆಮೇಲೆ ಹೇಗೆ ನಿಲ್ಲಿಸೋದು ಅಂತಾನೇ ಗೊತ್ತಾಗ್ಲಿಲ್ಲ."