ಬಾಣಂತಿಯ ದಿಂಬಿನ ಕೆಳಗಿನ ಕಾದಂಬರಿ

ಎರಡು ಹೆತ್ತವಳಿಗೆ ಬಾಣಂತನದ ಬಗ್ಗೆ ಸಲಹೆ ಕೊಡುವ ಚಟ ತಾನಾಗಿಯೇ ಅಂಟಿಕೊಳ್ಳುತ್ತದೆ. ನನಗಂತೂ ಸ್ವಲ್ಪ ಹೆಚ್ಚು. ನಾನು ಕನ್ನಡ ಶಾಲೆಯ ಟೀಚರು, ಯಾರೂ ಕೇಳದಿದ್ದರೂ ಹೇಳುತ್ತ ಹೋಗುವುದು ನಮಗೆ ರೂಢಿ. ಮಗಳು ಸುಮಾ ಚೊಚ್ಚಲ ಹೆರಿಗೆಗೆ ನವಲಗುಂದದಿಂದ ಅಣ್ಣಿಗೇರಿಗೆ, ನಮ್ಮ ಮನೆಗೆ ಬಂದಾಗ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಊಟಕ್ಕೆ ಬೆಳ್ಳುಳ್ಳಿ ಎಂದು ನನ್ನ ಪಠ್ಯಕ್ರಮ ತಯಾರಾಗಿತ್ತು. ಅದರಲ್ಲಿ ಪುಸ್ತಕಕ್ಕೆ ಜಾಗವಿರಲಿಲ್ಲ. ಬಾಣಂತಿ ಓದಿದರೆ ಕಣ್ಣು ಹೋಗುತ್ತವೆ ಎಂದು ನನ್ನ ಅವ್ವ ಹೇಳಿದ್ದಳು. ನಾನು ಎರಡೂ ಬಾಣಂತನದಲ್ಲಿ ಒಂದಕ್ಷರ ಓದಲಿಲ್ಲ. ಕನ್ನಡಕ ಮಾತ್ರ ಮೂವತ್ತೈದಕ್ಕೇ ಬಂತು.

ಮಗುವಿಗೆ ಒಂದೂವರೆ ತಿಂಗಳಾಗಿದ್ದಾಗ ಸುಮಾಳ ದಿಂಬಿನ ಕೆಳಗೆ ಒಂದು ಕಾದಂಬರಿ ಸಿಕ್ಕಿತು. ಹೆತ್ತ ಮೇಲೆ ಮನಸ್ಸು ಕುಸಿದ ಹೆಣ್ಣೊಬ್ಬಳ ಕತೆ ಎಂದು ಹಿಂದಿನ ರಟ್ಟಿನ ಮೇಲೆ ಬರೆದಿತ್ತು.

“ಇಂಥಾವು ಓದಿದ್ರ ಮನಸ್ಸು ಕೆಡತೈತಿ, ಕೊಡಿಲ್ಲೆ,” ಎಂದು ಕಿತ್ತುಕೊಂಡೆ.

“ಕೆಟ್ಟೈತಿ ಅಂತನ ಓದಾಕತ್ತೇನಿ ಬೇ ಯವ್ವಾ,” ಎಂದಳು ಸುಮಾ. ಎದುರು ಮಾತಾಡುತ್ತಾಳೆ ಎಂದುಕೊಂಡು ಅಡುಗೆಮನೆಗೆ ನಡೆದೆ.

ಎಷ್ಟು ಕೆಟ್ಟದ್ದಿದೆ ನೋಡೋಣ ಎಂದು ನಿಂತೇ ಒಂದು ಪುಟ ಓದಿದೆ. ಆಮೇಲೆ ಕೂತು ನಲವತ್ತು. ಹಾಲ್‌ನಿಂದ ನಮ್ಮವರು, “ಏನೋ ಹೊತ್ತಿದ ವಾಸನಿ ಬರಾಕತ್ತೈತಲ್ಲ?” ಎಂದರು. “ಬಾಜು ಮನಿದು,” ಎಂದು ನಮ್ಮದೇ ಬೇಳೆಯನ್ನು ಇಳಿಸಿದೆ. ಕಾದಂಬರಿಯ ಹೆಣ್ಣು ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಿ ಇದು ಯಾರದೋ ಎಂದುಕೊಳ್ಳುತ್ತಾಳೆ. ನೋಡಲು ಬಂದವರ ಮುಂದೆ ನಗುತ್ತಾಳೆ. ತನ್ನ ಅಳು ಕೇಳಬಾರದೆಂದು ಬಚ್ಚಲಲ್ಲಿ ನಳ ಬಿಟ್ಟುಕೊಳ್ಳುತ್ತಾಳೆ.

ನನ್ನ ಕಣ್ಣು ಅಲ್ಲೇ ನಿಂತವು. ಸುಮಾ ಹುಟ್ಟಿದಾಗ ನಮ್ಮ ಬಚ್ಚಲಿಗೆ ನಳ ಇರಲಿಲ್ಲ. ನಾನು ಚೊಂಬಿನಿಂದ ನೀರು ಸುರುವುತ್ತ ಅಳುತ್ತಿದ್ದೆ. ಎಷ್ಟು ನೀರು ಹಾಳು ಮಾಡುತ್ತೀ ಎಂದು ಅವ್ವ ಬೈದಿದ್ದಳು. ಹೋದ ವಾರ ಸುಮಾಳಿಗೆ ಅದೇ ಮಾತನ್ನು ನಾನೂ ಅಂದಿದ್ದೆ.

ಕೋಣೆಗೆ ಹೋದೆ. ಸುಮಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಸುಮಾ, ನೀ ಹುಟ್ಟಿದಾಗ ನಿನ್ನ ಎತ್ಕೋಬೇಕು ಅಂತ ನನಗ ಅನಸ್ತಿರಲಿಲ್ಲ.”

ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ತಿರುಗಿ ನನ್ನ ಕೈ ಹಿಡಿದಳು. “ನನಗೂ ಹಂಗ ಆಗೈತಿ ಯವ್ವಾ. ನಾನು ಕೆಟ್ಟಾಕಿ ಅಂತ ತಿಳ್ಕೊಂಡಿದ್ನಿ.”

“ಹಂಗಾದ್ರ ಇಬ್ರೂ ಕೆಟ್ಟಾರ ಬಿಡು,” ಎಂದೆ. ನಗಲು ಹೋಗಿ ಇಬ್ಬರೂ ಅತ್ತೆವು. ಕೂಸು ಎದ್ದು ತಾನೂ ಶುರುಮಾಡಿತು.

ಮರುದಿನವೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಮನಸ್ಸಿನ ಡಾಕ್ಟರರನ್ನು ಕಂಡೆವು. ಆಕೆ ಸುಮಾಳದನ್ನೂ, ಸುಮಾ ಹುಟ್ಟಿದಾಗಿನ ನನ್ನದನ್ನೂ ಸಾವಕಾಶವಾಗಿ ಎಲ್ಲ ಕೇಳಿ, “ಇದು ಜಡ್ಡು ಐತ್ರಿ, ಕೆಟ್ಟತನ ಅಲ್ಲ. ಆರಾಮಾಗತೈತಿ,” ಎಂದರು. ಗುಳಿಗೆ ಕೊಟ್ಟರು. ಸುಮಾಳಿಗೆ ನಿದ್ದೆ, ಕೂಸಿನ ಕೆಲಸ ನಮಗೆ ಎಂದು ಹಂಚಿದರು. ಲಂಗೋಟಿ ಕಟ್ಟುವುದನ್ನು ನಮ್ಮವರು ಅರವತ್ತನೆಯ ವಯಸ್ಸಿನಲ್ಲಿ ಕಲಿತರು. ಮೂರು ತಿಂಗಳಲ್ಲಿ ಸುಮಾ ಕೂಸಿನ ಮೂಗು ಯಾರದೆಂದು ಗಂಡನೊಡನೆ ಫೋನಿನಲ್ಲಿ ಜಗಳಾಡುವಷ್ಟು ಗೆಲುವಾದಳು.

ಮೊನ್ನೆ ಮತ್ತೆ ತೋರಿಸಲು ಹೋದಾಗ ಡಾಕ್ಟರು ನನ್ನ ಕಡೆ ತಿರುಗಿ, “ಸುಮಾ ಹುಟ್ಟಿದಾಗ ನಿಮಗಾದದ್ದನ್ನ ನೀವು ಯಾರಿಗರೆ ಹೇಳಿದ್ರೇನ್ರಿ?” ಎಂದು ಕೇಳಿದರು. “ನಮ್ಮ ಕಾಲದಾಗ ಇವೆಲ್ಲಾ...” ಎಂದು ಹೆಮ್ಮೆಯಿಂದ ಶುರುಮಾಡಿದವಳು ನಡುವೆಯೇ ಅಳತೊಡಗಿದೆ. ಸುಮಾ ಎದ್ದು ತನ್ನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, “ನಮ್ಮವ್ವನ ಹೆಸರೀಲೆನೂ ಒಂದು ಚೀಟಿ ಮಾಡ್ರಿ. ವಯಸ್ಸು ಐವತ್ತೆಂಟು,” ಎಂದಳು.

“ಐವತ್ತಾರ್ರಿ,” ಎಂದೆ ನಾನು, ಅಳು ನಿಲ್ಲಿಸಿ.