ನಲವತ್ತು ಸಲ ಕೇಳಿದ ಹಾಡು

ಲಿಗೋರಿಗೆ ಏನಾದರೂ ಇಷ್ಟವಾದರೆ ಸುಮ್ಮನೆ ಇಷ್ಟಪಟ್ಟುಕೊಂಡಿರಲು ಬರುವುದಿಲ್ಲ. ಊರಿಗೆಲ್ಲ ಅದು ಇಷ್ಟವಾಗುವವರೆಗೆ ಅವನಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಆನ್ಸನ್ ಎಂಬ ಹುಡುಗ ಗಿಟಾರಿಗೆ ಗುಮಟೆ ವಾದ್ಯ ಸೇರಿಸಿ, ತಾನೇ ಬರೆದು ತಾನೇ ಹಾಡಿದ ಮೊದಲ ಆಲ್ಬಮ್ಮಿನ ಗತಿಯೂ ಅದೇ ಆಯಿತು. ಕುವೈತಿನ ಮಿರ್ಕಾಬ್ ಪೇಟೆಯ ತನ್ನ ಆಫೀಸಿನಲ್ಲಿ ಈಜಿಪ್ಟಿನ ಮ್ಯಾನೇಜರನ ಮುಂದೆಯೂ ಅದನ್ನು ಹೊಗಳಲು ಹೋಗಿ, ಫೈಲು ಎಲ್ಲಿ ಎಂದು ಬೈಸಿಕೊಂಡು ಬಂದಿದ್ದ.

ಆಲ್ಬಮ್ಮು ಇನ್ನೂ ಹೊರಬಂದಿರಲಿಲ್ಲ. ಕುವೈತಿನ ಕರಾವಳಿ ಸಂಘದ ಕಾರ್ಯದರ್ಶಿ ಡೋಲ್ಫಿಗೆ ಮಾತ್ರ ಮೊದಲೇ ಒಂದು ಸಿಡಿ ಬಂದಿತ್ತು. ಅವನು ಅದನ್ನು ಕಾರಿನಲ್ಲಿ ಹಾಕಿ, ಎದುರು ಫೋನು ಇಟ್ಟು, ತಾನು ಹೊರಗೆ ನಿಂತು ಸಭಾಂಗಣದ ಬಾಡಿಗೆ ಚೌಕಾಸಿ ಮಾಡುತ್ತ, ಒಂದೊಂದು ಹಾಡನ್ನೂ ವಾಯ್ಸ್ ಮೆಸೇಜ್ ಮಾಡಿ ಲಿಗೋರಿಗೆ ಕಳಿಸಿದ್ದ. ಶುಕ್ರವಾರ ಆನ್ಸನ್ ಖುದ್ದಾಗಿ ಬಂದು ಹಾಡುವವನಿದ್ದ. ಆಲ್ಬಮ್ಮಿನ ಪರಿಚಯ ಭಾಷಣ ಲಿಗೋರಿಯದು.

ಶುಕ್ರವಾರ ಬೆಳಿಗ್ಗೆ ರಿಗ್ಗೈ ಬಡಾವಣೆಯ ಫ್ಲ್ಯಾಟಿನಲ್ಲಿ ಅವನ ರೂಮ್‌ಮೇಟ್ ಕೊರಗಪ್ಪ ಚಾ ಸೋಸುತ್ತ ಕೇಳಿದ, "ಹಾಡು ಹೇಗುಂಟು ಮಾರಾಯ್ರೆ?"

"ಹೇಗುಂಟು ಅಂತ ಕೇಳ್ತೀರಲ್ಲ! ಕೂತು ಕೇಳ್ಲಿಕ್ಕೆ ಆಗುದಿಲ್ಲ. ಕಾಲು ತನ್ನಷ್ಟಕ್ಕೇ ಕುಣಿತದೆ. ನಲವತ್ತು ಸಲ ಕೇಳಿದ್ದೇನೆ!"

"ಪದ ಎಂತ?"

"ಪದ ಸರಿ ಗೊತ್ತಾಗುದಿಲ್ಲ. ಅಮ್ಮ, ಬಸ್ಸು ಅಂತೆಲ್ಲ ಬರ್ತದೆ. ರಾಕ್ ಅಂದ್ರೆ ಹಾಗೆಯೇ."

"ಹಾಗಾದ್ರೆ ಶಿಳ್ಳೆ ನನ್ನ ಲೆಕ್ಕ," ಎಂದ ಕೊರಗಪ್ಪ. ಅಷ್ಟಕ್ಕೇ ಬಿಡದೆ ಡೋಲ್ಫಿಗೂ ಫೋನು ಮಾಡಿ, ಕುಣಿಯುವ ಹಾಡಂತೆ ಎಂದ. ಮಧ್ಯಾಹ್ನದ ಹೊತ್ತಿಗೆ ಸಭಾಂಗಣದ ಮುಂದಿನ ಮೂರು ಸಾಲು ಕುರ್ಚಿ ಎತ್ತಿಸಿ ಕುಣಿಯಲು ಜಾಗ ಮಾಡಿಯಾಗಿತ್ತು.

ಸಂಜೆ ಲಿಗೋರಿ ಮೈಕು ಹಿಡಿದ. "ಇವತ್ತು ಕೂತವರಿಗೆ ಊಟ ಇಲ್ಲ! ಈ ಹಾಡಿಗೆ ಕೂತಿರುದು ದೊಡ್ಡ ಪಾಪ! ಎಲ್ರೂ ಏಳಿ, ಕೈ ಮೇಲೆ!" ಇನ್ನೂರು ಜನ ಎದ್ದರು. ಹೆಂಗಸರು ಸೆರಗು ಸಿಕ್ಕಿಸಿದರು. ಕೊರಗಪ್ಪ ಎರಡು ಬೆರಳು ಬಾಯಿಗಿಟ್ಟು ಕಾದ.

ಆನ್ಸನ್ ಕಣ್ಣು ಮುಚ್ಚಿ ತಂತಿಯನ್ನು ಒಮ್ಮೆ ಮೀಟಿದ. ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ. "ಕೊನೆಯ ಬಸ್ಸೂ ಹೋಯಿತಮ್ಮಾ..."

ಅಷ್ಟರಲ್ಲಿ ಶಿಳ್ಳೆ ಬಿತ್ತು.

ಹಾಡು ನಿಂತಿತು. ಇನ್ನೂರು ಜನರ ನಾನೂರು ಕೈ ಮೇಲೆಯೇ ಇತ್ತು. ಇಳಿಸುವುದೋ ಬೇಡವೋ ಯಾರಿಗೂ ತಿಳಿಯಲಿಲ್ಲ.

"ಅಂಕಲ್," ಎಂದ ಆನ್ಸನ್ ಮೆಲ್ಲಗೆ, "ಇದು ನನ್ನ ಅಮ್ಮ ತೀರಿಕೊಂಡಾಗ ಬರೆದದ್ದು. ನೀವು ಆಲ್ಬಮ್ ಕೇಳಿದ್ದೀರಾ?"

ಲಿಗೋರಿಯ ಕಿವಿ ಕಾದ ಕಾವಲಿಯಾಯಿತು. ಇಷ್ಟಪಟ್ಟ ಹುಡುಗನ ತಾಯಿಯ ಸಾವಿಗೆ ಊರನ್ನೆಲ್ಲ ಕುಣಿಸಲು ಹೊರಟಿದ್ದೆನಲ್ಲ ಎಂದು ಅವನಿಗೆ ಅಲ್ಲೇ ಇಂಗಿಹೋಗಬೇಕು ಅನ್ನಿಸಿತು. "ದೇವರಾಣೆ ಕೇಳಿದ್ದೇನೆ ಮಗಾ! ನೋಡು ಬೇಕಾದ್ರೆ!" ಎಂದು ಫೋನನ್ನು ಮೈಕಿಗೆ ಹಿಡಿದ. ನಾಯಿ ಬೆನ್ನಟ್ಟಿದವರ ಹಾಗೆ ಹಾಡು ಓಡತೊಡಗಿತು. ಹೌದು, ಕಾಲು ಕುಣಿಯುವಂತೆಯೇ ಇತ್ತು.

ಆನ್ಸನ್ ಫೋನು ಇಣುಕಿದ. "ಅಂಕಲ್, ಇದು ಡಬಲ್ ಸ್ಪೀಡಲ್ಲಿ ಉಂಟು. ಯಾಕೆ ಹೀಗಿಟ್ಟಿದ್ದೀರಿ?"

ಹೆದರಿದವನ ಬಾಯಲ್ಲಿ ನಿಜ ಬಿಟ್ಟು ಬೇರೇನು ಬರುತ್ತದೆ? "ಅದು... ಊರಿಂದ ಹೆಂಡತಿ ರೋಸಲಿನ್ ದಿನಾ ಹತ್ತು ನಿಮಿಷದ ಮೆಸೇಜ್ ಕಳಿಸ್ತಾಳೆ. ಹೀಗಿಟ್ರೆ ಐದಕ್ಕೆ ಖಲಾಸ್. ಎರಡು ವರ್ಷದಿಂದ ಹೀಗೇ ಉಂಟು, ಬದಲಿಸ್ಲಿಕ್ಕೆ ಮರ್ತೇಹೋಗಿದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಆನ್ಸನ್ನೂ ನಕ್ಕು ಅವನನ್ನು ತಬ್ಬಿಕೊಂಡ. "ಅಮ್ಮ ಇದ್ದಿದ್ರೆ ಅವಳೂ ನಗ್ತಿದ್ಳು ಅಂಕಲ್," ಎಂದ. ಲಿಗೋರಿಗೆ ಹೋದ ಜೀವ ಬಂದಂತಾಯಿತು.

ವೇದಿಕೆ ಇಳಿಯುತ್ತಿದ್ದಂತೆ ಡೋಲ್ಫಿ ಅವನ ತೋಳು ಹಿಡಿದ. "ಮಾರಾಯಾ, ಲೈವ್ ಹೋಗ್ತಾ ಉಂಟು. ಊರಲ್ಲಿ ಎಲ್ರೂ ನೋಡ್ತಿದ್ದಾರೆ."

"ಎಲ್ರೂ ಅಂದ್ರೆ?"

ಉತ್ತರವಾಗಿ ಲಿಗೋರಿಯ ಫೋನು ಗುಂಯ್‌ಗುಟ್ಟಿತು. ರೋಸಲಿನ್‌ಳ ಮೆಸೇಜು, ಒಂದೇ ನಿಮಿಷದ್ದು. ಅವನು ಭಯಭಕ್ತಿಯಿಂದ ವೇಗ ಇಳಿಸಿ ಕಿವಿಗಿಟ್ಟ.

"ನಿಮ್ಗೆ ಟೈಮಿಲ್ಲ ಅಲ್ವಾ, ಈ ಸಲ ನಾನೇ ಬೇಗ ಬೇಗ ಹೇಳ್ತೇನೆ," ಎಂದವಳು ಮಿಕ್ಕದ್ದನ್ನು ಉಸಿರು ಬಿಡದೆ ಒದರಿದ್ದಳು. ಒಂದಕ್ಷರ ತಲೆಗೆ ಹೋಗಲಿಲ್ಲ. ಕೊನೆಗೆ ಮಾತ್ರ ಸ್ಪಷ್ಟವಾಗಿ, "ನಿಮ್ಗೆ ಒಪ್ಪಿಗೆಯಾ ಅಲ್ವಾ? ಈಗ್ಲೇ ಹೇಳಿ."

ಐದು ಸಲ ಕೇಳಿದ. ಇನ್ನೂ ನಿಧಾನ ಮಾಡುವ ಗುಂಡಿ ಫೋನಿನಲ್ಲಿ ಇರಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಲು ಮುಖ ಉಳಿದಿರಲಿಲ್ಲ.

"ಒಪ್ಪಿಗೆ ಅಂತ ಹೇಳಿ ಮಾರಾಯ್ರೆ, ಹೆಂಗಸರಿಗೆ ಅಷ್ಟು ಸಾಕು," ಎಂದ ಕೊರಗಪ್ಪ.

ಲಿಗೋರಿ ಫೋನಿಗೆ ಬಾಯಿಟ್ಟು, ಬೆಲ್ಲ ಕರಗಿಸಿದ ಧ್ವನಿಯಲ್ಲಿ ಹೇಳಿದ, "ರೋಸಾ, ಒಂದೊಂದು ಮಾತೂ ಗಮನ ಇಟ್ಟು ಕೇಳಿದೆ. ನೀನು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಉಂಟು."

ತಕ್ಷಣ ಉತ್ತರ ಬಂತು. ಈ ಸಲ ರೋಸಲಿನ್ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ್ದಳು.

"ನಾನು ಹೇಳಿದ್ದು ಹತ್ತೊಂಬತ್ತರ ಮಗ್ಗಿ."