ಗುರುಪಾದಸ್ವಾಮಿಯ ಲಾರಿಯೂ ಅದರ ಸದ್ದೂ

“ರಿಪೇರಿ ಮಾಡುಸ್ತೀನಿ! ಮಾಡ್ಸಿದ ಮ್ಯಾಲೂ ನನ್ನ ಲಾರಿ ಸದ್ದು ನಿನ್ನ ಅಡುಗೆಮನೆಗೆ ಕೇಳುಸ್ತು ಅಂದ್ರೆ, ಅವತ್ತೇ ಮಾರ್ಬುಟ್ಟು ಒಸದು ತತ್ತೀನಿ. ಇದು ಗುರುಪಾದಸ್ವಾಮಿ ಮಾತು!”

ಬೇಗೂರಿನ ಗುರುಪಾದಸ್ವಾಮಿ ಜಗಲಿಯ ಮೇಲೆ ಎದೆಯುಬ್ಬಿಸಿ ನಿಂತು ಹೀಗೆ ಭೀಕರ ಪ್ರತಿಜ್ಞೆ ಮಾಡಿದ್ದು ಹೆಂಡತಿ ಗುರುಸಿದ್ದಮ್ಮನ ಎದುರು. ಪಕ್ಕದ ಹಳ್ಳಿಯಲ್ಲಿ ಟೊಮ್ಯಾಟೊ ಬೆಳೆಯುವ ಪುಟ್ಟಮಾದು ಕಾಫಿ ಕುಡಿಯುತ್ತಾ ಅಲ್ಲೇ ಕೂತಿದ್ದನಾದ್ದರಿಂದ ಸಾಕ್ಷಿಗೂ ಕೊರತೆಯಾಗಲಿಲ್ಲ.

ಲಾರಿ ಅಂಗಳದ ಹುಣಸೆಮರದ ಕೆಳಗೆ ನಿಂತಿತ್ತು. ಅದರ ಕಿಲೋಮೀಟರ್ ಮೀಟರು ಒಂಬತ್ತು ಲಕ್ಷ ದಾಟಿದ ಮೇಲೆ ಎಣಿಸಿ ಎಣಿಸಿ ಬೇಸತ್ತು ನಿಂತು ಏಳು ವರ್ಷವಾಗಿತ್ತು. ಬಾಗಿಲು ಹಾಕಲು ಒದೆಯಬೇಕು, ತೆಗೆಯಲು ಬೇಡಿಕೊಳ್ಳಬೇಕು. ಸೈಲೆನ್ಸರಿಗೆ ತೂತು. ಹಿಂದಿನ ಬಾಗಿಲಿನ ಸರಪಳಿ ದಾರಿಯುದ್ದಕ್ಕೂ ತಗಡಿಗೆ ಬಡಿಯುತ್ತಿತ್ತು. ಹಾರನ್ ಯಾವತ್ತೋ ಸತ್ತಿತ್ತು, ಆದರೆ ಅದರ ಅಗತ್ಯವೂ ಇರಲಿಲ್ಲ. ಲಾರಿ ಅರ್ಧ ಮೈಲಿ ದೂರವಿರುವಾಗಲೇ ದನಗಳು ರಸ್ತೆ ಬಿಟ್ಟು ಗದ್ದೆಗೆ ಇಳಿಯುತ್ತಿದ್ದವು!

“ಒಸದು ತಗಳಿ ಅಂದ್ರೆ ಕೇಳಕಿಲ್ವಲ್ಲ!” ಎಂದಳು ಗುರುಸಿದ್ದಮ್ಮ. “ನನ್ನ ತಮ್ಮನ ಮಗಳ ನಾಮಕರಣಕ್ಕೆ ರೇಷ್ಮೆ ಸೀರೆ ಉಟ್ಕಂಡು ಓದೋಳು, ತವರುಮನೆ ಬಾಗ್ಲು ತಂಕ ಈ ಲಾರಿ ತಳ್ಕಂಡು ಓದೆ!”

“ಅದ್ಕೇ ನೋಡು, ಮುಹೂರ್ತಕ್ಕೆ ಸರಿಯಾಗಿ ಓದೋ!”

ಆಕೆ ನೋಡಿದ ನೋಟಕ್ಕೆ ಪುಟ್ಟಮಾದು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ.

ಚಾಮರಾಜನಗರದ ಮೆಕ್ಯಾನಿಕ್ ಸೋಮಶೇಖರ್ ಗ್ಯಾರೇಜಿನಲ್ಲಿ ಲಾರಿ ಆರು ದಿನ ಮಲಗಿತ್ತು. ಗುರುಪಾದಸ್ವಾಮಿ ಆಸ್ಪತ್ರೆಗೆ ಹೋಗಿ ಬರುವವರ ಹಾಗೆ ದಿನಾ ಹೋಗಿ, ಅದರ ಬಾನೆಟ್ ಸವರಿ ಬರುತ್ತಿದ್ದ. ಏಳನೆಯ ದಿನ ಲಾರಿ ಮನೆಗೆ ಬಂತು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ! ಗುರುಪಾದಸ್ವಾಮಿ ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ನುಸುಳಿ, “ಬಂದೆ!” ಎಂದ. ಗುರುಸಿದ್ದಮ್ಮನ ಕೈಲಿದ್ದ ಸೌಟು ಸಾರಿನ ಪಾತ್ರೆಯೊಳಗೆ ಮುಳುಗಿತು.

“ಅಯ್ಯೋ ಶಿವನೇ! ಯಾವಾಗ ಬಂದ್ರಿ? ಎಂಗೆ ಬಂದ್ರಿ?”

“ಲಾರೀಲಿ!”

ನಾಳೆಯಿಂದ ಲಾರಿ ಬರುತ್ತದೆಂದು ತರಕಾರಿ ಬೆಳೆಯುವವರಿಗೆಲ್ಲ ಫೋನು ಮಾಡಿ, ಆ ರಾತ್ರಿ ಅವನು ಎರಡು ಮುದ್ದೆ ಹೆಚ್ಚಿಗೆ ಉಂಡ. ಸಂತೋಷ ಅವನ ಮುಖದ ಮೇಲೆ ತುಳುಕುತ್ತಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಐದು ಹಳ್ಳಿ ಸುತ್ತಿ, ತರಕಾರಿ ತುಂಬಿಕೊಂಡು ಗುಂಡ್ಲುಪೇಟೆ ಮಂಡಿಗೆ ಹೋಗಬೇಕು. ಮೊದಲ ಹಳ್ಳಿಯಲ್ಲಿ ರಸ್ತೆಬದಿ ಖಾಲಿ. ಎರಡನೆಯದರಲ್ಲಿ ನಾಯಿಯೊಂದು ಮಲಗಿತ್ತು, ತಲೆ ಎತ್ತಲಿಲ್ಲ. ಮೂರನೆಯದರಲ್ಲಿ ತಾಳ್ಮೆಗೆಟ್ಟು ಹೊಸ ಹಾರನ್ ಒತ್ತಿದ. ಡೈರಿಗೆ ಹಾಲು ಹಾಕುವ ಮೂಗಮ್ಮ ಕ್ಯಾನು ಹಿಡಿದು ಓಡಿಬಂದಳು!

“ಥೂ, ನೀವಾ? ಡೈರಿ ವ್ಯಾನು ಅನ್ಕಂಡೆ” ಎಂದು ಮುಖ ತಿರುಗಿಸಿ ಹೋದಳು.

‘ಇವತ್ತೇನು, ಎಲ್ಲರ ಹೊಲವೂ ಒಟ್ಟಿಗೆ ರಜಾ ಹಾಕಿವೆಯೇ?’ ಎಂದುಕೊಳ್ಳುತ್ತಾ ಗುರುಪಾದಸ್ವಾಮಿ ಖಾಲಿ ಲಾರಿಯಲ್ಲೇ ಮಂಡಿ ತಲುಪಿದ. ಹಮಾಲಿಗಳು ಹಿಂದಿನ ಬಾಗಿಲು ತೆಗೆದು ಒಳಗೆ ನೋಡಿದರು. ಆಮೇಲೆ ಅವನ ಮುಖ ನೋಡಿದರು. ಅಷ್ಟರಲ್ಲಿ ಪುಟ್ಟಮಾದುವಿನ ಫೋನು ಬಂತು.

“ಸ್ವಾಮಣ್ಣ, ಯಾಕ್ ಬರ್ನಿಲ್ಲ? ಇಪ್ಪತ್ತು ಕ್ರೇಟ್ ನೆನ್ನೇನೆ ಕುಯ್ದಿಟ್ಟಿವ್ನಿ!”

“ಬಂದಿದ್ನಲ್ಲ ಕಣ್ಲಾ! ನಿಮ್ಮೂರ ಮುಂದಾಸೇ ಬಂದೆ.”

“ಸುಳ್ಳೇಳ್ಬೇಡಿ! ನಿಮ್ಮ ಲಾರಿ ಕೆರೆ ಏರಿ ಅತ್ತುವಾಗ್ಲೇ ನಮ್ಗೆ ಕೇಳುಸ್ತದೆ. ಆ ಸದ್ದು ಕೇಳಿ ಎದ್ದು, ಅಲ್ಲುಜ್ಜಿ, ಕ್ರೇಟ್ ಒತ್ಕಂಡು ರಸ್ತೆಗೆ ಬರೋದ್ಕೆ ಸರಿ ಓಯ್ತದೆ. ಐದೂರ್ನೋರೂ ಅಂಗೇಯ! ಸದ್ದಿಲ್ದೆ ಕಳ್ಳನಂಗೆ ಬಂದೋದ್ರೆ ನಾವೇನ್ ಮಾಡ್ಬೇಕು? ನಾಳೆನೂ ಇಂಗೇ ಆದ್ರೆ ಬೇರೆ ಲಾರಿ ನೋಡ್ಕತೀವಿ!”

ಗುರುಪಾದಸ್ವಾಮಿ ಫೋನು ಜೇಬಿಗೆ ತುರುಕಿದ. ಲಾರಿಯನ್ನು ನೇರವಾಗಿ ಚಾಮರಾಜನಗರಕ್ಕೆ ಓಡಿಸಿದ.

“ಸೋಮಣ್ಣಾ, ನನ್ನ ಸದ್ದು ವಾಪಸ್ ಕೊಡಪ್ಪ!”

ಸೋಮಶೇಖರ್ ಬೋಲ್ಟ್ ಬಿಗಿಯುವ ಪಾನಾ ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದ. “ಇಪ್ಪತ್ತು ವರ್ಷದಿಂದ ಲಾರಿಗಳ ಸದ್ದು ನಿಲ್ಲುಸ್ತಾ ಇವ್ನಿ. ಸದ್ದು ಆಕ್ಕೊಡು ಅಂತ ಬಂದೋರು ನೀವೇ ಮೊದ್ಲು!”

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸರಪಳಿ ಮತ್ತೆ ಲಾರಿ ಏರಿತು. ಬಿಗಿದ ಬೋಲ್ಟುಗಳು ಸಡಿಲವಾದವು. ಗುರುಪಾದಸ್ವಾಮಿ ಕಣ್ಣು ಮುಚ್ಚಿ, ಕೈಯಲ್ಲಿ ತಾಳ ಹಾಕುತ್ತಾ ಕಛೇರಿಯೇ ನಡೆಸಿಬಿಟ್ಟ: “ಸರಪಳಿ ಇನ್ನೊಂದು ಗೇಣು ಇಳುಸು... ಎಡಗಡೆ ಬಾಗ್ಲು ತಾಳ ತಪ್ತಾ ಅದೆ... ಆಂ! ಈಗ ಬಂತು ನೋಡು, ನನ್ನ ಲಾರಿ!”

ಮಾರನೆಯ ಬೆಳಿಗ್ಗೆ ಕೆರೆ ಏರಿ ಹತ್ತುವಾಗಲೇ ಐದೂರೂ ಎದ್ದು ನಿಂತವು. ದನಗಳು ಗದ್ದೆಗೆ ಇಳಿದವು. ಪುಟ್ಟಮಾದು ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಕ್ರೇಟು ಹೊತ್ತು ಓಡಿಬಂದ. ಭರ್ತಿ ಲೋಡು! ಮಂಡಿ ಮುಗಿಸಿದ ಗುರುಪಾದಸ್ವಾಮಿ, ದಾರಿಯಲ್ಲಿ ಬೇಗೂರಿಗೆ ಹೊರಟಿದ್ದ ಪುಟ್ಟಮಾದುವನ್ನೂ ಹತ್ತಿಸಿಕೊಂಡು, ಹಾಡು ಗುನುಗುತ್ತಾ ಅಂಗಳಕ್ಕೆ ಬಂದಿಳಿದ.

ಗುರುಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಸೌಟು, ಮುಖದಲ್ಲಿ ಹಬ್ಬ.

“ಕೇಳುಸ್ತು” ಎಂದಳು.

“ಏನು?”

“ನಿಮ್ಮ ಲಾರಿ. ಕುಕ್ಕರ್ ಕೂಗ್ತಾ ಇದ್ರೂವೆ ಅಡುಗೆಮನೆಗೆ ಕೇಳುಸ್ತು.”

ಗುರುಪಾದಸ್ವಾಮಿ ಸಹಾಯಕ್ಕಾಗಿ ಪುಟ್ಟಮಾದುವಿನತ್ತ ತಿರುಗಿದ. ಪುಟ್ಟಮಾದು ಹುಣಸೆಮರದತ್ತ ತಿರುಗಿ, “ಕೇಳುಸ್ತು ಅಂದ್ರೆ ಮಾರ್ತೀನಿ ಅಂದಿದ್ದು ದಿಟ ಸ್ವಾಮಣ್ಣ. ನಾನೂ ಕೇಳಿಸ್ಕಂಡಿದ್ದೆ” ಎಂದ.

“ಅಲ್ಲ ಕಣಮ್ಮಿ, ಒಸ ಲಾರಿ ಸದ್ದೇ ಮಾಡಕಿಲ್ವಲ್ಲ! ಐದೂರ್ನೋರು ಏಳೋದೆಂಗೆ?”

ಗುರುಸಿದ್ದಮ್ಮ ಸೆರಗಿನ ಮರೆಯಿಂದ ಪಾನಾ ತೆಗೆದು ಅವನ ಕೈಗಿಟ್ಟಳು.

“ಅದ್ಕೇ, ಮಾರೋಕ್ ಮುಂಚೆ ಆ ಸರಪಳಿ ಬಿಚ್ಕಳಿ. ಒಸದಕ್ಕೆ ಕಟ್ಟನ.”